ಸಾಣೆಯಕ್ಕನ ಕಪ್ಪು ಪುಡಿ

ಬೆಳಗಿನ ಐದೂಮುಕ್ಕಾಲು. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೇಜಿನ ಮೇಲೆ ತಟ್ಟೆಯಷ್ಟು ಅಗಲದ ದಪ್ಪ ಗಾಜು, ಅದರ ಮೇಲೆ ಚಿಟಿಕೆ ಕಪ್ಪು ಪುಡಿ, ನಾಲ್ಕು ಹನಿ ನೀರು. ಐವತ್ತು ದಾಟಿದ ಹೆಂಗಸೊಬ್ಬರು ಬೆರಳುದ್ದದ ಗಾಜಿನ ಸ್ಲೈಡೊಂದನ್ನು ಎರಡೇ ಬೆರಳಲ್ಲಿ ಒತ್ತಿ ಹಿಡಿದು, ಎಂಟರ ಅಂಕಿ ಬರೆದ ಹಾಗೆ ಸುತ್ತಿಸುತ್ತಿದ್ದಾರೆ. ಸರ್‌ಸರ್ ಸದ್ದು. ನಾನು ಬಾಗಿಲಲ್ಲಿ ಕೆಮ್ಮಿದರೂ ತಲೆ ಎತ್ತುವುದಿಲ್ಲ.

"ಅಲ್ಲೇ ನಿಲ್ಲಿ. ಚಪ್ಪಲಿ ಹೊರಗೆ," ಅನ್ನುತ್ತಾರೆ. "ಬೀದಿ ಮಣ್ಣು ಒಂದು ಕಣ ಇಲ್ಲಿ ಬಿದ್ರೂ ನನ್ನ ಇವತ್ತಿನ ದಿನ ಹೋಯ್ತು."

ನಾಲ್ಕೂವರೆಗೆ ಎದ್ದು ಎರಡು ಬಸ್ಸು ಬದಲಿಸಿ ಬಂದವನಿಗೆ ಸಿಕ್ಕ ಸ್ವಾಗತ ಇದು. ಈ ಪುರವಣಿಗೆ ಬರೆಯಲು ಶುರು ಮಾಡಿದ ಮೇಲೆ ನನಗೂ ನಿದ್ದೆಗೂ ಎಣ್ಣೆ ಸೀಗೆಕಾಯಿ. ನಾನು ಹುಡುಕಿಕೊಂಡು ಹೋಗುವವರೆಲ್ಲ ಕೋಳಿ ಕೂಗುವ ಮೊದಲೇ ಕೆಲಸಕ್ಕೆ ಇಳಿದಿರುತ್ತಾರೆ. ವಿಜ್ಞಾನದವರಾದರೂ ಹತ್ತು ಗಂಟೆಗೆ ನಿಧಾನವಾಗಿ ಬರುತ್ತಾರೆ ಅಂದುಕೊಂಡಿದ್ದೆ. ವಿಜ್ಞಾನಿಗಳು ಹಾಗೇ ಬರುತ್ತಾರಂತೆ. ಇವರು ವಿಜ್ಞಾನಿ ಅಲ್ಲ, ಇಡೀ ಸಂಸ್ಥೆಗೆ 'ಸಾಣೆಯಕ್ಕ'.

ಇಷ್ಟು ಬೇಗ ಯಾಕೆ ಅಂದರೆ ನೀರಿಗೆ. ಎಂಟರ ಮೇಲೆ ಮೇಲಿನ ನಾಲ್ಕು ಮಹಡಿಯಲ್ಲೂ ನಲ್ಲಿ ತಿರುಗಿಸುತ್ತಾರೆ, ನೆಲಮಾಳಿಗೆಗೆ ಬರುವುದು ನೂಲಿನಂಥ ಧಾರೆ. ಇವರ ಕೆಲಸಕ್ಕೆ ತೊಳೆಯುವುದೇ ಮುಕ್ಕಾಲು ಪಾಲು. ತೊಳೆ, ತಿಕ್ಕು, ಮತ್ತೆ ತೊಳೆ.

ಕೆಲಸ ಏನು ಅಂತ ನನಗೆ ಅರ್ಥವಾಗುವಂತೆ ಅವರೇ ಹೇಳುತ್ತಾರೆ. ಕಲ್ಲಿನ ಒಂದು ತುಂಡನ್ನು ಗರಗಸದಲ್ಲಿ ಕೊಯ್ದು, ಒಂದು ಮುಖ ನುಣುಪು ಮಾಡಿ, ಗಾಜಿನ ಸ್ಲೈಡಿಗೆ ಅಂಟಿಸುವುದು. ಆಮೇಲೆ ಇನ್ನೊಂದು ಮುಖವನ್ನು ಪುಡಿಯಲ್ಲಿ ಸವೆಸುತ್ತಾ ಹೋಗುವುದು. ಎಲ್ಲಿಯವರೆಗೆ? ತಲೆಕೂದಲಿನ ಅರ್ಧ ದಪ್ಪಕ್ಕೂ ಕಡಿಮೆ ಆಗುವವರೆಗೆ. ಅಷ್ಟು ತೆಳುವಾದರೆ ಕಲ್ಲಿನೊಳಗೂ ಬೆಳಕು ತೂರುತ್ತದೆ. ಆಗ ಮೈಕ್ರೋಸ್ಕೋಪಿನ ಕೆಳಗಿಟ್ಟು ಅದರ ಜಾತಕ ಓದಬಹುದು.

"ಅಳೆಯೋ ಸಾಧನ ಇದೆ, ಆದ್ರೆ ಅದಕ್ಕಿಂತ ಬಣ್ಣ ನಂಬ್ತೀನಿ," ಅನ್ನುತ್ತಾರೆ. "ಬೆಣಚು ಕಣ ಮೈಕ್ರೋಸ್ಕೋಪಲ್ಲಿ ಹಳದಿ ಕಂಡ್ರೆ ಇನ್ನೂ ದಪ್ಪ ಇದೆ. ಬೂದು ಬಂದ್ರೆ ಸರಿ. ಏನೂ ಕಾಣ್ಲಿಲ್ಲ ಅಂದ್ರೆ ಕಲ್ಲೇ ಹೋಯ್ತು, ಬಾಗಿಲು ಹಾಕ್ಕೊಂಡು ಮನೆಗೆ ಹೋಗೋದು."

ಗೋಡೆಗೆ ಒರಗಿಸಿದ ಟ್ರೇ ನೋಡಿದರೆ ತಲೆ ತಿರುಗುತ್ತದೆ. ಮೊದಲ ಖಾನೆಯಲ್ಲಿ ಗಣಿಯ ಕಲ್ಲು. ಪಕ್ಕದಲ್ಲಿ ಯಾರದೋ ದವಡೆ ಹಲ್ಲು. ಆಮೇಲೆ ಆಸ್ಪತ್ರೆಯ ಸಂಶೋಧಕರು ಕಳಿಸಿದ ಮೂತ್ರಕೋಶದ ಕಲ್ಲು, ಉತ್ಖನನದಲ್ಲಿ ಸಿಕ್ಕ ಮಡಕೆ ಚೂರು, ಮೀನಿನ ಕಿವಿಯೊಳಗಿನ ಪುಟ್ಟ ಮೂಳೆ, ರಸ್ತೆಯ ಡಾಂಬರು. ಮೀನಿನ ವಯಸ್ಸು ಎಣಿಸುವವರಿಗೂ ರಸ್ತೆ ಯಾಕೆ ಬಿರುಕು ಬಿಟ್ಟಿತು ಅಂತ ತಲೆ ಕೆರೆದುಕೊಳ್ಳುವವರಿಗೂ ಪರಸ್ಪರ ಮುಖ ಪರಿಚಯವಿಲ್ಲ. ಎಲ್ಲರೂ ಸಾಲಾಗಿ ಬಂದು ನಿಲ್ಲುವುದು ಈ ನೆಲಮಾಳಿಗೆಯಲ್ಲಿ.

ದಿನಕ್ಕೆ ಏಳು ಸ್ಲೈಡು. ಇಪ್ಪತ್ನಾಲ್ಕು ವರ್ಷ. ನಾನು ಕೂತಲ್ಲೇ ಲೆಕ್ಕ ಹಾಕಿದೆ, ನಲವತ್ತು ಸಾವಿರ. ಹೇಳಿದರೆ ಅವರಿಗೇ ನಂಬಿಕೆಯಿಲ್ಲ. "ಅಯ್ಯೋ, ಅಷ್ಟಾಯ್ತಾ? ಅದಕ್ಕೇ ಬೆರಳ ಗುರುತು ಹೋಗಿರೋದು," ಅಂತ ಕೈ ಚಾಚುತ್ತಾರೆ. ನಿಜಕ್ಕೂ ಬಲಗೈಯ ಎರಡು ಬೆರಳ ತುದಿ ನುಣ್ಣಗಿದೆ. ಹಾಜರಿಗೆ ಬೆರಳೊತ್ತುವ ಯಂತ್ರ ಇವರನ್ನು ಗುರುತಿಸುವುದಿಲ್ಲವಂತೆ. ಪ್ರತಿದಿನ ಎಲ್ಲರಿಗಿಂತ ಮುಂಚೆ ಬರುವವರು, ಯಂತ್ರದ ಪ್ರಕಾರ ಬಂದೇ ಇಲ್ಲ. ಕಾವಲಿನವನು ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳುತ್ತಾನೆ.

ಅಪ್ಪ ಮನೆಗಳ ನೆಲಕ್ಕೆ ಹಾಸಿದ ಕಲ್ಲನ್ನು ಉಜ್ಜಿ ಹೊಳಪು ಕೊಡುತ್ತಿದ್ದವರು. "ಕಣ್ಣು ಸುಳ್ಳು ಹೇಳತ್ತೆ, ಅಂಗೈ ಹೇಳಲ್ಲ ಅಂತಿದ್ರು ಅಪ್ಪ. ಕಣ್ಣು ಮುಚ್ಚಿ ಸವರು ಅನ್ನೋರು." ಓದು ಹತ್ತನೆಯ ತರಗತಿಗೆ ನಿಂತಿತು. ಮದುವೆಯಾಗಿ ಈ ಊರಿಗೆ ಬಂದು, ಸಂಸ್ಥೆಯಲ್ಲಿ ಗಾಜಿನ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದರು. ಆಗ ಈ ಕೋಣೆಯಲ್ಲಿದ್ದ ಹಿರಿಯರಿಗೆ ಕೈ ನಡುಗಲು ಶುರುವಾಗಿತ್ತು. ಯಾರಿಗೂ ಗೊತ್ತಾಗದಂತೆ ಒಂದು ಸ್ಲೈಡು ಮುಗಿಸಿಕೊಡು ಅಂತ ಕರೆದರು. ಮರುದಿನ ಎರಡು. ಹೀಗೆ ಒಂದು ವರ್ಷ ಕಳ್ಳ ಕೆಲಸ ಮಾಡಿ, ಅವರು ನಿವೃತ್ತರಾದ ದಿನ ಕುರ್ಚಿಗೆ ಬಂದರು. ಕುರ್ಚಿ ಬಂತೇ ಹೊರತು ಕಾಯಂ ಹುದ್ದೆ ಬರಲಿಲ್ಲ. ಈಗಲೂ ವರ್ಷದಿಂದ ವರ್ಷಕ್ಕೆ ಗುತ್ತಿಗೆ.

ಈ ಸಲ ಆ ಗುತ್ತಿಗೆಗೂ ಕುತ್ತು ಬಂದಿದೆ. ಹೊರಗಿನ ಕಂಪನಿಯೊಂದು ಯಂತ್ರದಲ್ಲೇ ಇದನ್ನೆಲ್ಲ ಮಾಡಿಕೊಡುತ್ತದಂತೆ. ಇವರು ಇಪ್ಪತ್ನಾಲ್ಕು ವರ್ಷ ಕೂತ ಕೋಣೆಯನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ಅಂತ ತೀರ್ಮಾನಿಸಲು ಸಮಿತಿ ಕೂತಿದೆ. "ನಿಮ್ಮ ಕೆಲಸದ ಗುಣಮಟ್ಟದ ಬಗ್ಗೆ ಒಂದು ಪುಟ ಬರೆದು ಕೊಡಿ" ಅಂತ ಮುಖ್ಯಸ್ಥರು ಕೇಳಿದ್ದಾರೆ. ಕಾಗದ ಮೇಜಿನ ಮೇಲೆ ಖಾಲಿ ಬಿದ್ದಿದೆ. "ಏನು ಬರೀಲಿ ಹೇಳಿ. ತಿಕ್ಕಿದೆ, ತೊಳೆದೆ ಅಂತಲಾ?"

ಇಷ್ಟು ಮಾತಾಗುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಕಳಚುವ ಸದ್ದು. ಇಪ್ಪತ್ತೆಂಟು ವರ್ಷದ ಸಂಶೋಧಕಿಯೊಬ್ಬಳು ಗಾಳಿಯಂತೆ ಒಳಗೆ ಬರುತ್ತಾಳೆ. ಸಾಣೆಯಕ್ಕ ಇವಳನ್ನು ಕರೆಯುವುದು 'ಸಿಮೆಂಟು ಹುಡುಗಿ' ಅಂತ. ಸಮುದ್ರದ ನೀರಲ್ಲಿ ನೂರು ವರ್ಷ ನಿಂತ ಹಳೆಯ ಬಂದರಿನ ಗೋಡೆ ಯಾಕೆ ಕುಸಿದಿಲ್ಲ ಅನ್ನುವುದು ಅವಳ ನಾಲ್ಕು ವರ್ಷದ ಸಂಶೋಧನೆ. ಆ ಗೋಡೆಯ ಹದಿನಾಲ್ಕು ತುಂಡುಗಳಿಗೆ ಸ್ಲೈಡು ಮಾಡಿಕೊಟ್ಟವರು ಇವರೇ.

"ಅಕ್ಕಾ, ನೋಡಿ ಇಲ್ಲಿ!" ಅಂತ ಮೇಜಿನ ಮೇಲೆ ದೊಡ್ಡ ಫೋಟೋ ಹರಡುತ್ತಾಳೆ. ಮೈಕ್ರೋಸ್ಕೋಪಿನಲ್ಲಿ ತೆಗೆದದ್ದು. ಸಿಮೆಂಟಿನ ಸಣ್ಣ ಸಣ್ಣ ರಂಧ್ರಗಳೊಳಗೆ ತಿಳಿನೀಲಿ ಚೂರುಗಳು ಫಳಫಳ ಹೊಳೆಯುತ್ತಿವೆ. "ಹದಿನಾಲ್ಕರಲ್ಲಿ ಹನ್ನೊಂದು ಸ್ಲೈಡಲ್ಲಿ ಇದೆ ಅಕ್ಕಾ. ಯಾವ ಪುಸ್ತಕದಲ್ಲೂ ಇಲ್ಲ. ಸಮುದ್ರದ ನೀರು ಒಳಗೆ ಹೋಗಿ ಇದನ್ನ ಬೆಳೆಸಿರಬೇಕು, ಇದೇ ಗೋಡೇನ ಹಿಡಿದಿಟ್ಟಿರೋದು. ಶುಕ್ರವಾರ ಲೇಖನ ಕಳಿಸ್ತಿದೀವಿ. ನಿಮ್ಮ ಹೆಸರೂ ಹಾಕಿದೀನಿ, ಕೊನೇಲಿ ಅಲ್ಲ, ಮೇಲೆ, ನಮ್ಮ ಜೊತೆಗೇ!"

ಸಾಣೆಯಕ್ಕನ ಸ್ಲೈಡುಗಳ ಮೇಲೆ ಇದುವರೆಗೆ ಎಷ್ಟು ಲೇಖನಗಳು ಬಂದಿವೆಯೋ ಯಾರೂ ಎಣಿಸಿಲ್ಲ. ಗರಗಸ ಮಾಡಿದ ಕಂಪನಿಯ ಹೆಸರು ಅವುಗಳಲ್ಲಿ ಇರುತ್ತದೆ, ಗರಗಸ ಹಿಡಿದವರದ್ದು ಇರುವುದಿಲ್ಲ. ಹಾಗಾಗಿ ನಾನು ಪೆನ್ನು ಎತ್ತಿಕೊಂಡೆ. ಬರಹಗಾರನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಆದರೆ ಸಾಣೆಯಕ್ಕ ನಗಲಿಲ್ಲ. ಫೋಟೋವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು ಇಲ್ಲೇ ಇರಲಿ ಕಣಮ್ಮ," ಅಂದರು ಅಷ್ಟೇ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ನಾನು ಎಂಥ ದಡ್ಡ!

ಬುಧವಾರ ಫೋಟೋಗ್ರಾಫರ್ ಜೊತೆ ಮತ್ತೆ ಹೋದಾಗ ಅವರ ಮುಖ ಕಳೆಗುಂದಿದೆ. ಫೋಟೋಗ್ರಾಫರನ್ನು ಹೊರಗೆ ಟೀ ಕುಡಿಯಲು ಕಳಿಸಿ, ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಾರೆ. "ನೋಡಿ, ಪೇಪರ್‌ನೋರೆ."

ನೋಡುತ್ತೇನೆ. ರಂಧ್ರಗಳು, ಒಳಗೆ ತಿಳಿನೀಲಿ ಚೂರುಗಳು. "ಅದೇ ಬಂದರಿನ ಗೋಡೆ," ಅನ್ನುತ್ತೇನೆ.

"ಬಂದರೂ ಅಲ್ಲ, ಗೋಡೆಯೂ ಅಲ್ಲ. ಹಿಂದುಗಡೆ ಸೈಕಲ್ ಶೆಡ್ಡಿಗೆ ತಂದ ಹೊಸ ಇಟ್ಟಿಗೆ. ಸಮುದ್ರ ಯಾವ ದಿಕ್ಕಿಗಿದೆ ಅಂತಾನೂ ಅದಕ್ಕೆ ಗೊತ್ತಿಲ್ಲ." ಆಮೇಲೆ ಕಪ್ಪು ಪುಡಿಯ ಡಬ್ಬಿ ನನ್ನ ಮುಂದೆ ಇಡುತ್ತಾರೆ. "ಇದೇ ಅದು. ಡಬ್ಬೀಲಿ ಕಪ್ಪು. ಒಂದೊಂದೇ ಕಣ ಬಿಡಿಸಿ ನೋಡಿದ್ರೆ ಹಾಗೆ ನೀಲಿ. ಇಪ್ಪತ್ನಾಲ್ಕು ವರ್ಷದಿಂದ ದಿನಾ ಅದರ ಮುಖ ನೋಡ್ತೀನಿ, ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು. ಖಾತ್ರಿ ಮಾಡ್ಕೊಳ್ಳೋಕೆ ಈ ಇಟ್ಟಿಗೇನ ಬೇಕಂತಲೇ ಅಂಟು ಹಾಕದೆ ಸವೆಸಿ ನೋಡಿದೆ."

ಸಿಮೆಂಟಿನಂಥ ರಂಧ್ರವಿರುವ ವಸ್ತುವನ್ನು ಸವೆಸುವ ಮೊದಲು ತೆಳು ಅಂಟಿನಲ್ಲಿ ಮುಳುಗಿಸಿ ರಂಧ್ರಗಳನ್ನು ತುಂಬಿಸಬೇಕು. ಇಲ್ಲದಿದ್ದರೆ ಸವೆಸುವ ಪುಡಿಯೇ ಒಳಗೆ ಹೋಗಿ ಕೂರುತ್ತದೆ, ಎಷ್ಟು ತೊಳೆದರೂ ಹೊರಡುವುದಿಲ್ಲ. ಹಳೆಯ ಗೋಡೆಯ ರಂಧ್ರಗಳು ತೀರಾ ಸಣ್ಣವು. ಎರಡು ಸಲ ಅಂಟು ಹೀರಿಸಬೇಕಿತ್ತು. ಎರಡನೆಯ ಸಲಕ್ಕೆ ಇನ್ನೆರಡು ದಿನ ಬೇಕು. ಹುಡುಗಿ ಅವಸರ ಮಾಡುತ್ತಿದ್ದಳು, ಟ್ರೇ ತುಂಬಿತ್ತು. ಒಂದೇ ಸಲಕ್ಕೆ ಬಿಟ್ಟರು.

"ಅವಳ ಅವಸರ ಅಂತ ಹೇಳಬಹುದು, ಆದ್ರೆ ಸುಳ್ಳಾಗತ್ತೆ," ಅನ್ನುತ್ತಾರೆ. "ಮೊದಲ ಮುಖ ಸವೆಸಿದಾಗ ಬಿಳಿ ಚುಕ್ಕೆ ಕಂಡಿತ್ತು ನಂಗೆ. ಅಂಟು ಒಳಗೆ ಹೋಗಿಲ್ಲ ಅಂತ ಅರ್ಥ. ನೋಡಿದೆ. ಇರಲಿ ಬಿಡು ಅಂದ್ಕೊಂಡೆ. ಆ 'ಇರಲಿ ಬಿಡು' ನನ್ನದು."

ಮೇಲಿನ ದೊಡ್ಡ ಯಂತ್ರಗಳು ಇದನ್ನು ಹಿಡಿಯಲಿಲ್ಲವೇ ಅಂತ ಕೇಳುತ್ತೇನೆ. ಹಿಡಿದಿವೆ, ಆದರೆ ಯಾರಿಗೂ ಅನುಮಾನ ಬಂದಿಲ್ಲ. ಈ ಪುಡಿ ಸಿಲಿಕಾನ್ ಮತ್ತು ಇಂಗಾಲ ಸೇರಿ ಆದದ್ದು. ಚೂರಿನಲ್ಲಿ ಸಿಲಿಕಾನ್ ಇದೆ ಅಂದಿತು ಯಂತ್ರ, ಸಿಮೆಂಟಿನಲ್ಲೂ ಅದು ಇದ್ದೇ ಇರುತ್ತದೆ. ಇಂಗಾಲ ಇದೆ ಅಂದಿತು, ಅಂಟಿನಲ್ಲೂ ಅದು ಇದ್ದೇ ಇರುತ್ತದೆ. ಬೇಕು ಬೇಕು ಅಂತ ಹುಡುಕುವವರಿಗೆ ಎಲ್ಲವೂ ಸರಿಹೊಂದುತ್ತದೆ.

ಇನ್ನು ಎರಡೇ ದಿನ. ಸುಮ್ಮನಿದ್ದರೆ ಲೇಖನ ಹೋಗುತ್ತದೆ, ಹೆಸರು ಬರುತ್ತದೆ, ಸಮಿತಿಗೆ ತೋರಿಸಲು ಅದಕ್ಕಿಂತ ಬೇರೆ ಬೇಕಿಲ್ಲ. ಬಾಯಿ ಬಿಟ್ಟರೆ ಕೋಣೆಗೆ ಬೀಗ ಹಾಕಲು ಕಾರಣವನ್ನು ತಾವೇ ಕೈಗಿಟ್ಟ ಹಾಗೆ. ಹುಡುಗಿಯ ನಾಲ್ಕು ವರ್ಷವೂ ನೀರುಪಾಲು. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ, ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಅವತ್ತು ಸಂಜೆ ಅವರ ಮನೆಗೂ ಹೋಗುತ್ತೇನೆ. ಎರಡು ಕೋಣೆ, ಕಿಟಕಿಗೆ ಆತುಕೊಂಡ ಹೊಲಿಗೆ ಯಂತ್ರ. ಗಂಡ ಶಾಲಾ ಬಸ್ಸಿನ ಚಾಲಕರು, ದಿನವಿಡೀ ಮಕ್ಕಳ ಗಲಾಟೆ ಕೇಳಿದ್ದಕ್ಕೋ ಏನೋ ಮನೆಯಲ್ಲಿ ಮಾತೇ ಆಡುವುದಿಲ್ಲ. ಆ ಕೊರತೆಯನ್ನು ಎಂಬತ್ತರ ಅತ್ತೆ ತುಂಬಿಕೊಡುತ್ತಾರೆ. "ನನ್ನ ಸೊಸೆ ಕಲ್ಲನ್ನೂ ಕರಗಿಸ್ತಾಳೆ ಕಣಪ್ಪ, ನನ್ನ ಮಗನ ಬಾಯಿ ಬಿಡಿಸೋಕೆ ಮಾತ್ರ ಆಗ್ಲಿಲ್ಲ," ಅಂತ ನಗುತ್ತಾರೆ. ವಿಷಯ ಅವರಿಗೂ ಗೊತ್ತಿದೆ. "ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಯಾರು ಕೇಳಿದ್ರು ಇವಳನ್ನ? ನಾನು ಹೇಳ್ದೆ, ಬಾಯಿ ಮುಚ್ಕೊಂಡು ಇರೇ ಅಂತ."

ಒಲೆಯ ಮುಂದಿದ್ದ ಸೊಸೆ ತಿರುಗದೆ ಹೇಳುತ್ತಾರೆ, "ಅತ್ತೆ, ನಾಳೆ ಆ ಲೇಖನ ನಂಬ್ಕೊಂಡು ಯಾರೋ ಸಮುದ್ರದಲ್ಲಿ ಗೋಡೆ ಕಟ್ಟಿದ್ರೆ?"

ಅತ್ತೆ ಸೊಸೆಯ ಕಡೆ ತಿರುಗಿ, "ಹಾಗಿದ್ರೆ ಬೆಳಿಗ್ಗೇನೇ ಹೇಳ್ಬಿಡು, ಮಧ್ಯಾಹ್ನದವರೆಗೆ ಕಾಯಬೇಡ. ಕಾದ್ರೆ ಹೇಳಲ್ಲ ನೀನು," ಅಂದರು. ಮಗ ಆಗ ಮೊದಲ ಸಲ ಬಾಯಿ ಬಿಟ್ಟರು. "ನಾನು ಬಸ್ಸಲ್ಲಿ ಬಿಡ್ತೀನಿ," ಅಂದರು.

ಗುರುವಾರ ಬೆಳಿಗ್ಗೆ ಏನಾಯಿತು ಅನ್ನುವುದನ್ನು ಆಮೇಲೆ ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಇಬ್ಬರೂ ಒಂದೇ ಥರ ಹೇಳುತ್ತಾರೆ. ಸಾಣೆಯಕ್ಕ ಇಟ್ಟಿಗೆಯ ಸ್ಲೈಡು ಹಿಡಿದು ಮೂರನೆಯ ಮಹಡಿ ಹತ್ತಿದರು. ಹುಡುಗಿ ಮೈಕ್ರೋಸ್ಕೋಪಿನಲ್ಲಿ ನೋಡಿ, "ಇದು ಹೊಸ ತುಂಡಾ ಅಕ್ಕಾ? ಹದಿನೈದನೇದಾ?" ಅಂತ ಹಿಗ್ಗಿದಳಂತೆ. ಇಟ್ಟಿಗೆ ಅಂತ ಹೇಳಿದಾಗ ನಕ್ಕಳು. ಆಮೇಲೆ ನಗು ನಿಂತಿತು. "ನಿಮಗೆ ಬಿಳಿ ಚುಕ್ಕೆ ಕಂಡಿತ್ತಾ? ಕಂಡೂ ಹೇಳ್ಲಿಲ್ವಾ?" ಅಂತ ಕೂಗಿದಳು. "ಹೌದಮ್ಮ, ಕಂಡಿತ್ತು," ಅಂದರು ಇವರು. ಹುಡುಗಿ ಅಳುತ್ತಾ, "ದಯವಿಟ್ಟು ಕೆಳಗೆ ಹೋಗಿ ಅಕ್ಕಾ, ನಿಮ್ಮ ಮುಖ ನೋಡೋಕಾಗಲ್ಲ ಈಗ," ಅಂದಳು. ಕೆಳಗೆ ಹೋಗಲಿಲ್ಲ. ಇನ್ನೊಂದು ಮಹಡಿ ಹತ್ತಿ ಮುಖ್ಯಸ್ಥರ ಬಾಗಿಲು ತಟ್ಟಿದರು. ಗುಣಮಟ್ಟದ ಬಗ್ಗೆ ಕೇಳಿದ್ದ ಒಂದು ಪುಟ ಅವರ ಕೈಯಲ್ಲಿತ್ತು. ಅದರಲ್ಲಿ ಬರೆದದ್ದು ಇದೇ ತಪ್ಪು.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರಂತೆ. "ಇಂಥದ್ದು ಇನ್ನೆಷ್ಟು ಆಗಿದೆ?"

"ಗೊತ್ತಿಲ್ಲ ಸರ್. ಹುಡುಕ್ತೀನಿ."

ಲೇಖನ ಹೋಗಲಿಲ್ಲ. ಸಮಿತಿ ಕೋಣೆಯನ್ನು ಕೂಡಲೇ ಮುಚ್ಚಲೂ ಇಲ್ಲ, ಉಳಿಸಲೂ ಇಲ್ಲ. ಇನ್ನು ಮುಂದೆ ಯಾರು ಬೇಕಾದರೂ ಹೊರಗಿನ ಕಂಪನಿಯಲ್ಲಿ ಸ್ಲೈಡು ಮಾಡಿಸಿಕೊಳ್ಳಬಹುದು, ತಿಂಗಳ ಕೊನೆಗೆ ನೆಲಮಾಳಿಗೆಗೆ ಕೆಲಸ ಬಂದಿದ್ದರೆ ಗುತ್ತಿಗೆ, ಬಂದಿರದಿದ್ದರೆ ಇಲ್ಲ ಅಂತ ಆದೇಶ ಬಂತು.

ಅದೇ ದಿನ ಸಾಣೆಯಕ್ಕ ಮೆಟ್ಟಿಲ ಬಳಿಯ ಫಲಕಕ್ಕೆ ಒಂದು ಫೋಟೋ ಅಂಟಿಸಿದರು. ಇಟ್ಟಿಗೆಯದ್ದು, ನೀಲಿ ಚೂರುಗಳಿಗೆ ಕೆಂಪು ಸುತ್ತು ಹಾಕಿದ್ದು. ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ನಿಮ್ಮ ಸ್ಲೈಡಿನಲ್ಲಿ ಇದು ಕಂಡರೆ ಅದು ನಿಮ್ಮದಲ್ಲ, ನನ್ನ ಪುಡಿ. ದಯವಿಟ್ಟು ತಂದು ತೋರಿಸಿ.' ತನ್ನ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಅಂದರೆ ಇದೇ ತಾನೆ? ಮೂರು ಜನ ಹಳೆಯ ಸ್ಲೈಡು ತಂದು ತೋರಿಸಿದರು. ಎರಡರಲ್ಲಿ ಏನೂ ಇರಲಿಲ್ಲ. ಹಲ್ಲಿನ ವಿಭಾಗದ ಒಂದರಲ್ಲಿ ನಾಲ್ಕು ಕಣ ಸಿಕ್ಕಿತು. ಅವರು ಥ್ಯಾಂಕ್ಸ್ ಹೇಳಿ, ಮುಂದಿನ ಹಲ್ಲುಗಳನ್ನು ಕಂಪನಿಗೆ ಕಳಿಸಿದರು.

ಮೂರನೆಯ ಸಲ ನಾನು ಹೋದದ್ದು ಇಪ್ಪತ್ತೊಂದನೆಯ ತಾರೀಕು. ಬೆಳಿಗ್ಗೆ ಆರು. ಚಪ್ಪಲಿ ಬಿಟ್ಟು ಒಳಗೆ ಬಂದರೆ ಟ್ರೇ ಬರಿದೋ ಬರಿದು. ಹದಿನಾರು ದಿನದಿಂದ ಒಂದು ತುಂಡೂ ಬಂದಿಲ್ಲ. ಬಾಯಿಮಾತಿಗೆ ಎಲ್ಲರೂ "ಎಂಥ ಪ್ರಾಮಾಣಿಕತೆ ಅಕ್ಕಾ" ಅಂತಾರೆ, ಕಲ್ಲು ಮಾತ್ರ ಬೇರೆ ಕಡೆ ಹೋಗುತ್ತದೆ. ನನಗೆ ಮೈಯೆಲ್ಲ ಉರಿಯಿತು, ಅದನ್ನು ಹೇಳಿಯೂಬಿಟ್ಟೆ. ಸಾಣೆಯಕ್ಕನಿಗೆ ಸಿಟ್ಟಿಲ್ಲ. ಕಪಾಟಿನಿಂದ ಹಳೆಯ ಸ್ಲೈಡಿನ ಪೆಟ್ಟಿಗೆಗಳನ್ನು ಇಳಿಸಿಕೊಂಡು ಒಂದೊಂದೇ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಿದ್ದಾರೆ. ರಂಧ್ರವಿರುವ ವಸ್ತುಗಳವು ಮಾತ್ರ, ಎರಡು ಸಾವಿರದ ಆರುನೂರು. ದಿನಕ್ಕೆ ನಲವತ್ತು ನೋಡುತ್ತಾರೆ.

"ಅವರನ್ನ ಯಾಕೆ ಬೈತೀರಿ? ಅವರಿಗೂ ಭಯ ಇರತ್ತಲ್ಲ," ಅನ್ನುತ್ತಾರೆ. "ಕೋಣೆ ಹೋದ್ರೆ ಹೋಗಲಿ, ಆದ್ರೆ ಇಷ್ಟು ಪೆಟ್ಟಿಗೆ ನೋಡಿ ಮುಗಿಸೋಷ್ಟು ದಿನ ಕೊಟ್ರೆ ಸಾಕಿತ್ತು. ಅದೊಂದೇ ಆಸೆ ನಂಗೆ. ನೋಡದೇ ಹೋದ್ರೆ ಮನೇಲಿ ಕೂತು ನಿದ್ದೆ ಬರಲ್ಲ." ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿ ಬಂತು. ಮುಖ ತಿರುಗಿಸಿ ನಲ್ಲಿ ಬಿಟ್ಟರು, ತೊಳೆಯಲು ಏನೂ ಇಲ್ಲದಿದ್ದರೂ.

ನಲ್ಲಿಯ ಸದ್ದಿನಲ್ಲಿ ಯಾರೋ ಬಂದದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಸಿಮೆಂಟು ಹುಡುಗಿ ನಿಂತಿದ್ದಾಳೆ, ಬರಿಗಾಲಲ್ಲಿ. ಆ ಗುರುವಾರದ ನಂತರ ಇವರಿಬ್ಬರು ಮಾತಾಡಿಲ್ಲ. ಅವಳ ಸಂಶೋಧನೆಗೆ ಇನ್ನೊಂದು ವರ್ಷ ಹೆಚ್ಚು ಬೇಕು ಅಂತ ನನಗೆ ಬೇರೆಯವರಿಂದ ತಿಳಿದಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನೇರ ಬಂದು ಚೀಲದಿಂದ ಒಂದೊಂದೇ ತುಂಡು ತೆಗೆದು ಟ್ರೇನಲ್ಲಿ ಜೋಡಿಸಿದಳು. ಬಂದರಿನ ಗೋಡೆಯ ಅದೇ ಹದಿನಾಲ್ಕು ತುಂಡುಗಳಲ್ಲಿ ಕೊಯ್ದು ಉಳಿದ ಭಾಗ. ಒಂದೊಂದೂ ಬೆಂಕಿಪೊಟ್ಟಣದಷ್ಟು, ಇವು ಹಾಳಾದರೆ ಮತ್ತೆ ಸಿಗುವುದಿಲ್ಲ.

"ಇನ್ನೊಂದು ಸಲ ಮಾಡಿಕೊಡಿ ಅಕ್ಕಾ," ಅಂದಳು.

ಸಾಣೆಯಕ್ಕ ನಲ್ಲಿ ನಿಲ್ಲಿಸಿದರು. "ಕಂಪನಿಗೆ ಕೊಡಬಹುದಿತ್ತಲ್ಲ ಕಣಮ್ಮ. ಯಂತ್ರ ಇದೆ ಅಲ್ಲಿ. ಬೇಗ ಆಗತ್ತೆ."

"ಕೊಡಬಹುದಿತ್ತು. ಸರ್ ಕೂಡ ಹೇಳಿದ್ರು." ಹುಡುಗಿ ಕೊನೆಯ ತುಂಡನ್ನು ಇಟ್ಟು ನೆಟ್ಟಗೆ ನಿಂತಳು. "ಆದ್ರೆ ಅವರ ಪುಡಿ ಹೇಗಿರತ್ತೆ ಅಂತ ನಂಗೆ ಯಾರೂ ಹೇಳಿಲ್ಲ."

ಸಾಣೆಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೊದಲನೆಯ ತುಂಡು ಎತ್ತಿಕೊಂಡರು. ಕಣ್ಣು ಮುಚ್ಚಿ, ನುಣ್ಣಗೆ ಸವೆದ ಬೆರಳಿನಿಂದ ಅದರ ಮುಖ ಒಮ್ಮೆ ಸವರಿದರು.

"ಕೂತ್ಕೋ ಬಾ," ಅಂದರು. "ನಿಂಗೂ ಬಿಳಿ ಚುಕ್ಕೆ ತೋರಿಸ್ತೀನಿ. ನಾಲ್ಕು ಕಣ್ಣು ನೋಡಲಿ ಈ ಸಲ."